ಹಾಸುಬಂಡೆಯ ಮೇಲೆ ಕರವಸ್ತ್ರ

ಡೊಂಬಿವಲಿ, ೧೯-೭-೮೨

ಅಕ್ಕನಿಗೆ, ಗುಡ್ಡ ಹತ್ತಿ ಇಳಿದು ಬಂದ ತಂಗಿ ಕಾಶವ್ವನ ನಮಸ್ಕಾರ.

ನಿನ್ನೆ ರವಿವಾರ ಅಳಿಯಂದಿರು ನನ್ನನ್ನೂ ಮಗಳನ್ನೂ ಮುಂಬ್ರಾ ಗುಡ್ಡದ ಜಲಪಾತಕ್ಕೆ ಕರೆದೊಯ್ದರು. ಕಾಡಿನ ದಾರಿ ಸಲೀಸು. ಆದರೆ ದಿನವೂ ಲೋಕಲ್ ರೈಲಿನಲ್ಲಿ ಜಾಗಕ್ಕಾಗಿ ಗುದ್ದಾಡುವ ಅಳಿಯಂದಿರು ಅಲ್ಲಿಯೂ ಮುಂದೆ ಓಡಿದರು. ನರಪಿಳ್ಳೆ ಇಲ್ಲದ ಹಾಸುಬಂಡೆಯ ಮೇಲೆ ದೂರದಿಂದಲೇ ಕರವಸ್ತ್ರ ಎಸೆದು, "ಜಾಗಾ ಹಿಡದೇನ್ರಿ ಅತ್ತಿ, ಸಾವಕಾಶ ಬರ್ರಿ!" ಎಂದು ಕೂಗಿದರು. ನಾವು ಮುಟ್ಟುವಷ್ಟರಲ್ಲಿ ಒಂದು ಎಮ್ಮೆ ಬಂದು ಅದರ ಮೇಲೆಯೇ ಮಲಗಿತ್ತು. ಕೈಯಲ್ಲಿದ್ದ ರೊಟ್ಟಿಗಂಟು ಎಲ್ಲಿ ಬಿಚ್ಚುವುದೆಂದು ನನಗೆ ಚಿಂತೆ. ಅಳಿಯಂದಿರು ಮಾತ್ರ ರೈಲಿನಲ್ಲಿ ಅನ್ನುವಂತೆಯೇ ಅದರ ಬೆನ್ನು ತಟ್ಟಿ, "ಜರಾ ಸರಕಾ", ತುಸು ಸರೀರಿ, ಎಂದು ಮರಾಠಿಯಲ್ಲಿ ಅಂದರು. ಅಕ್ಕ, ಎಮ್ಮೆ ಸರಿಯಿತು! ಅದರ ಮಗ್ಗುಲಲ್ಲೇ ಮೂವರೂ ಒತ್ತಿಕೊಂಡು ಕೂತು ಉಂಡೆವು.

ಮೊಣಕಾಲು ನೋವು ಕಡಿಮೆ ಇದೆ. ಹಾಲು ಹಿಂಡುವಾಗ ನಮ್ಮ ಎಮ್ಮೆ ಸರಿಯದಿದ್ದರೆ ಬೈಯಬೇಡ, ಮರಾಠಿಯಲ್ಲಿ ಹೇಳಿ ನೋಡು.

ಕಾಶವ್ವ