ಮೇಲಿನ ಮನೆಯ ಪೈಪು

ಗುರುಪಾದ,

ನೀನು ಇದನ್ನು ಓದುವುದಿಲ್ಲ, ನಾನೂ ಕಳಿಸುವುದಿಲ್ಲ. ಕೆಳಗೆ ನನ್ನ ಮನೆ, ಮೇಲೆ ನಿನ್ನ ಮನೆ ಎಂದು ವಾಡಿ ಊರಲ್ಲಿ ಗೆಳೆಯರಿಬ್ಬರೂ ಸೇರಿ ಕೊಂಡ ಜಾಗದಲ್ಲಿ ಇವತ್ತು ಸಂಡಾಸಿನ ಪೈಪು ಕೂಡಿಸಿದೆ. ಪ್ಲಂಬರ್ ಇರಲಿಲ್ಲ, ನಾನು, ನನ್ನ ಹೆಂಡತಿ ನೀಲಾ ಇಬ್ಬರೇ.

ಪೈಪಿನ ತುದಿಗೆ ಅಂಟು ಬಳಿದು, ಪೈಪು ತಿರುಗಿಸುವ ಬೆಂಡಿಗಾಗಿ ಕೈ ಚಾಚಿದೆ. ನೀಲಾ ಕೊಡಲಿಲ್ಲ. ಅವಳ ಇನ್ನೊಂದು ಕೈಯಲ್ಲಿ ಮೇಲಕ್ಕೂ ಒಂದು ಬಾಯಿ ಇರುವ, ಮೂರು ಬಾಯಿಯ ಟೀ ತುಂಡು ಇತ್ತು. ನನಗೆ ಹೇಳದೆ ತಂದಿದ್ದಳು.

"ಗುರುಪಾದಣ್ಣಾರು ಮ್ಯಾಲ ಮನಿ ಕಟ್ಟಿದ್ರ ಅವರ ನೀರು ಎಲ್ಲಿ ಹೋಗ್ಬೇಕ್ರಿ?"

"ಅಂವ ಬರಂಗಿಲ್ಲ. ಬೆಂಡ್ ಕೊಡು."

"ನೀವು ಕೇಳೀರೇನು?"

ನೀನು ನನ್ನ ಜೊತೆ ಮಾತು ಬಿಟ್ಟು ದೂರದ ಕಾಮಠಿ ಊರಿಗೆ ಹೋದ ಮೇಲೆ ನಾನು ಏನು ಕೇಳಲಿ? ಅಂಟು ಒಣಗುತ್ತಿತ್ತು. ನಾಳೆ ಪೈಪಿನ ಮೇಲೆ ಕಾಂಕ್ರೀಟು ಬೀಳುತ್ತದೆ.

"ಜಲ್ದಿ ಹೇಳ್ರಿ!"

ಟೀ ಕಸಿದುಕೊಂಡೆ. ಒತ್ತಿ, ತುಸು ತಿರುಗಿಸಿ, ಅಂಟು ಕಚ್ಚುವವರೆಗೆ ಹಿಡಿದೆ. ಇನ್ನು ಅದು ಕಿತ್ತರೂ ಬರುವುದಿಲ್ಲ.

ನಿನ್ನ ಪೈಪಿನ ಬಾಯಿ ಈಗ ಗೋಡೆಯ ಪಕ್ಕ ಗೇಣುದ್ದ ಎದ್ದು ನಿಂತಿದೆ. ಮುಚ್ಚಳ ಹಾಕಿದ್ದೇನೆ. ಅದಕ್ಕೂ ಬಳಿಯಲೆಂದು ನೀಲಾ ಅಂಟಿನ ಡಬ್ಬಿ ಮುಂದೆ ಹಿಡಿದಳು, ನಾನು ಬೇಡ ಎಂದೆ. ರಬ್ಬರ್ ರಿಂಗ್ ಹಾಕಿ ಒತ್ತಿದ್ದೇನೆ, ಅಷ್ಟೇ. ವಾಸನೆ ಬರುವುದಿಲ್ಲ. ತೆಗೆಯಲು ಒಂದು ಕೈ ಸಾಕು.

ಈರಣ್ಣ