ಉಪವಾಸದ ತಾಕು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕ,

ಹೇಗಿದ್ದೀಯ? ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಲೆ ಮೇಲೆ ಏನೋ ಇಟ್ಟ ನೆನಪಾಗಿ ಎದ್ದುಬಿಡುತ್ತಿದ್ದೆ. ಒಲೆ ಮೇಲೆ ಏನೂ ಇರುತ್ತಿರಲಿಲ್ಲ. ತಡವಾಗಿದ್ದಕ್ಕೆ ಕ್ಷಮಿಸು, ಇಲ್ಲವೇ ಎಂದಿನಂತೆ ಬೈದುಬಿಡು.

ಅಪ್ಪ ಸತ್ತಾಗಲೂ ನೀನು ಬರಲಿಲ್ಲವೆಂದು ಚಿಕ್ಕಮ್ಮ ಊರಿಗೆಲ್ಲ ಡಂಗುರ ಸಾರುತ್ತಿದ್ದಾಳೆ. ನಿನ್ನನ್ನು ಬೈಯುವ ಬಾಯಿ ನನಗಿಲ್ಲ. "ನನ್ನ ಎಂಟು ವರ್ಷದ ಸಂಶೋಧನೆಯನ್ನು ಹೆತ್ತ ಅಪ್ಪನೇ ಮಣ್ಣುಪಾಲು ಮಾಡಿದ" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಅವನ ಕೊನೆಯ ದಿನಗಳ ಬಗ್ಗೆ ಕೇಳಿದ್ದೀಯ. ಇಷ್ಟು ವರ್ಷ ತಾನೇ ನೋಡಿಕೊಂಡಿದ್ದ ಪ್ರಯೋಗದ ಹೊಲದ ಗೇಟಿನೊಳಗೆ ಬಿಡಬಾರದೆಂದು ಆದೇಶವಾದ ಮೇಲೂ ಬೆಳಿಗ್ಗೆ ಬೂಟು ಹಾಕಿಕೊಂಡು ಹೊರಡುತ್ತಿದ್ದ. ಬೇಲಿಯಾಚೆ ನಿಂತು ನೋಡಿ ಬರುತ್ತಿದ್ದ. ಬಂದು, "ಐದನೇ ತಾಕಿನ ಪೈರು ಚೆನ್ನಾಗಿ ಎದ್ದಿದೆ ಕಣೇ" ಅನ್ನುತ್ತಿದ್ದ. ನಾಲ್ಕನೆಯದರ ಮಾತೆತ್ತುತ್ತಿರಲಿಲ್ಲ. ನಿನ್ನ ಫೋನ್ ಬಂದ ದಿನ, ನೀನು ಇಟ್ಟ ಮೇಲೂ ಅದನ್ನು ಕಿವಿಗೇ ಹಿಡಿದುಕೊಂಡು ಕೂತಿದ್ದ. ಆಮೇಲೆ ನನ್ನ ಮುಖ ನೋಡಿದ. ಅವತ್ತಿನಿಂದ ಊಟ ಅರ್ಧಕ್ಕೆ ಇಳಿಯಿತು. ಡಾಕ್ಟರು ಹೃದಯದ ತೊಂದರೆ ಅಂದರು.

ಆ ನಾಲ್ಕನೇ ತಾಕನ್ನು ಅವನು ಹೇಗೆ ಕಾದಿದ್ದ ಎಂದು ನಿನಗೇ ಗೊತ್ತು. ಐದನೆಯದಕ್ಕೆ ವರ್ಷ ವರ್ಷ ಕೊಟ್ಟಿಗೆ ಗೊಬ್ಬರ; ಪಕ್ಕದ ನಾಲ್ಕನೆಯದಕ್ಕೆ ಹದಿನೆಂಟು ವರ್ಷದಿಂದ ಒಂದು ಹಿಡಿಯೂ ಇಲ್ಲ. "ಪಾಪ, ಉಪವಾಸದ ತಾಕು" ಅಂತ ಅವನೇ ಹೆಸರಿಟ್ಟಿದ್ದ. ಐದರಿಂದ ನಾಲ್ಕಕ್ಕೆ ಹೋಗುವವರು ಬೂಟು ತೊಳೆಯಲೇಬೇಕು. "ಸಾರ್, ಕಾಲು!" ಎಂದು ಅವನು ಕೂಗಿದ್ದಕ್ಕೆ ನಮ್ಮ ಡೈರೆಕ್ಟರು ಒಂಟಿಕಾಲಲ್ಲಿ ಕುಪ್ಪಳಿಸಿದ್ದು ನೆನಪಿದೆಯಾ?

ನೀನು ಸಂಶೋಧನೆಗೆ ಬಂದ ಹೊಸತರಲ್ಲಿ, ಗೊಬ್ಬರ ಹಾಕಿದ ನೆಲದ ಮೇಲೆ ಡಬ್ಬಿ ಕವುಚಿ, ಕಾಲು ಗಂಟೆಗೊಮ್ಮೆ ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆಯುತ್ತಿದ್ದೆ. ಗಡಿಯಾರ ಹಿಡಿದು ನಿಂತಿದ್ದ ಅಪ್ಪ, "ಮಣ್ಣಿಗೂ ಜ್ವರ ಬಂದಿದೆಯೇನೇ?" ಅಂತ ರೇಗಿಸುತ್ತಿದ್ದ. ನೀನು ಬಿಡಿಸಿ ಹೇಳಿದೆ: ಗೊಬ್ಬರದಿಂದ ಮಣ್ಣಿನಲ್ಲಿ ಇಂಗಾಲ ಸೇರುತ್ತದೆ, ಅದು ಒಳ್ಳೆಯದು, ಆದರೆ ಗೊಬ್ಬರದ ಮೇಲೆ ಮಳೆ ಬಿದ್ದ ವಾರ ಅದೇ ನೆಲದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಎರಡರಲ್ಲಿ ಯಾವುದು ಮೇಲಾಯಿತು ಎಂದು ತಿಳಿಯಬೇಕಾದರೆ ಏನೂ ಹಾಕದ ನೆಲ ಪಕ್ಕದಲ್ಲಿ ಇರಬೇಕು. ಅವನಿಗೆ ಕೊನೆಯ ಮಾತು ಹಿಡಿಸಿತು. "ಹಾಗಾದ್ರೆ ನನ್ನ ಉಪವಾಸದ್ದೇ ತೂಕದ ಕಲ್ಲು ಅನ್ನು" ಎಂದು ಎದೆಯುಬ್ಬಿಸಿದ್ದ.

ಅಂಥವನು ಡೈರೆಕ್ಟರ ಮುಂದೆ ನಿಂತು, "ಮನಸ್ಸು ತಡೀಲಿಲ್ಲ ಸಾರ್, ವರ್ಷಾ ವರ್ಷಾ ಒಂದೆರಡು ಬುಟ್ಟಿ ಹಾಕ್ತಿದ್ದೆ" ಎಂದಾಗ ಎಲ್ಲರೂ ನಂಬಿದರು. ಉಪವಾಸದ ತಾಕಿನಲ್ಲಿ ಹಸಿ ಗೊಬ್ಬರ ಕಣ್ಣೆದುರೇ ಬಿದ್ದಿತ್ತು. ನೀನೂ ನಂಬಿದೆ. ನಿನ್ನದೇನೂ ತಪ್ಪಿಲ್ಲ.

ಅವನ ಬೂಟುಗಳು ಬಾಗಿಲ ಬಳಿಯೇ ಇವೆ, ತೊಳೆದೇ ಇಟ್ಟಿದ್ದಾನೆ. ಎತ್ತಿಡಲು ನನಗೆ ಕೈ ಬರುತ್ತಿಲ್ಲ.

ಮಗುವಿಗೆ ಹಲ್ಲು ಬಂತಾ? ಭಾವನಿಗೆ ನಮಸ್ಕಾರ ಹೇಳು. ನೀವು ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ,
ತರಲೆ

ತಾ.ಕ.: ಮೇಲಿನದನ್ನು ಹರಿದುಹಾಕಿದರೂ ಈ ಹಾಳೆಯನ್ನು ಇಟ್ಟುಕೊ, ಡೈರೆಕ್ಟರಿಗೆ ತೋರಿಸು. ಅಪ್ಪ ವರ್ಷ ವರ್ಷ ಏನೂ ಹಾಕಿರಲಿಲ್ಲ. ನಿನ್ನ ಎಂಟು ವರ್ಷದ ಅಂಕಿಗಳೆಲ್ಲ ಸರಿಯಾಗಿವೆ. ಈ ಸಲದ ಪರೀಕ್ಷೆಯಲ್ಲಿ, ನಾನು ಕೆಲಸ ಮಾಡುವ ಲ್ಯಾಬಿನಲ್ಲಿ, ನಾಲ್ಕನೇ ತಾಕಿನ ಮಣ್ಣಿದ್ದ ತಟ್ಟೆ ನನ್ನ ಕೈಜಾರಿ ಚೆಲ್ಲಿತು. ಮತ್ತೆ ಹೊಲಕ್ಕೆ ಹೋಗಲು ಸೋಮಾರಿತನ, ಹೇಳಲು ಹೆದರಿಕೆ. ಕಡಿಮೆ ಬಿದ್ದಷ್ಟನ್ನು ಐದನೆಯದರ ತಟ್ಟೆಯಿಂದ ತುಂಬಿಬಿಟ್ಟೆ. ಉಪವಾಸದ ತಾಕಿನಲ್ಲಿ ಇಂಗಾಲ ಏಕಾಏಕಿ ಏರಿತು. "ನಾಳೆ ಮತ್ತೆ ಮಣ್ಣು ತೆಗೀರಿ. ಲ್ಯಾಬಿನವರ ತಪ್ಪಾಗಿದ್ರೆ ಮನೆಗೆ ಕಳಿಸ್ತೀನಿ" ಎಂದರು ಡೈರೆಕ್ಟರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆ ಮನೆಗೆ ಬಂದು ಅಪ್ಪನ ಮುಂದೆ ಕೂತು ಅತ್ತೆ. ಅವನು ಎದ್ದು ಬೂಟು ಹಾಕಿಕೊಂಡ. ಹೋಗಿ, ಹದಿನೆಂಟು ವರ್ಷ ಕಾದ ನೆಲಕ್ಕೆ ತನ್ನ ಕೈಯಾರೆ ಮೂರು ಬುಟ್ಟಿ ಗೊಬ್ಬರ ಸುರಿದು ಬಂದ.

ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ದ. "ದೊಡ್ಡವಳ ಓದಿಗೆ ಇದ್ರಿಂದ ಏನೂ ಆಗಲ್ಲ ತಾನೇ?"

ನನಗೆ ಗೊತ್ತಿತ್ತು, ಅಕ್ಕ. "ಏನೂ ಆಗಲ್ಲಪ್ಪ" ಅಂದೆ.