ಬಣ್ಣ ಹಚ್ಚದ ಕಿಟಕಿ

ಅಪ್ಪಾ,

ಇವತ್ತು ನೀನು ಓಡಿಸುತ್ತಿದ್ದ ಎಂಜಿನ್ ನೋಡಿ ಬಂದೆ. ಹಳೆಯ ರೈಲುಗಳನ್ನೆಲ್ಲ ಒಂದು ಶೆಡ್ಡಿನಲ್ಲಿ ನಿಲ್ಲಿಸಿ, ನಿವೃತ್ತರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದಾರೆ. ನಿನ್ನ ಜೊತೆ ಕಲ್ಲಿದ್ದಲು ಹಾಕುತ್ತಿದ್ದ ಮಾವ ಎಣ್ಣೆಬಟ್ಟೆ ಹಿಡಿದು ಅಲ್ಲೇ ಇದ್ದರು. ನನ್ನ ಮೂಗು ನೋಡಿಯೇ ಗುರುತು ಹಿಡಿದರು.

ಎಂಜಿನ್ನಿಗೆಲ್ಲ ಹೊಸ ಬಣ್ಣ. ನೀನು ಕೂರುತ್ತಿದ್ದ ಬದಿಯ ಕಿಟಕಿಯ ಅಂಚು ಮಾತ್ರ ನಿನ್ನ ಮೊಣಕೈ ಉಜ್ಜಿ ಸವೆದ ಹಾಗೆಯೇ ಇತ್ತು.

"ಉಳಿದವರು ಜಪ್ಪಯ್ಯ ಅಂದ್ರೂ ಅದಕ್ಕೆ ಬಣ್ಣ ಹಚ್ಚೋಕೆ ನಾನು ಬಿಡಲಿಲ್ಲಮ್ಮ," ಎಂದರು ಮಾವ. "ನಿಮ್ಮನೆ ಹಿಂದಿನ ತಿರುವು ಬಂದ್ರೆ ಸಾಕು, ನಿಮ್ಮಪ್ಪ ಮೂರು ಸಲ ಎಂಜಿನ್ ಕೂಗ್ಸಿ, ಹೊರಗೆ ಬಗ್ಗಿ ನೋಡೋರು. ಮೊದಲೆಲ್ಲ ನೀನು ಮನೆ ಕಿಟಕೀಲಿ ನಿಂತು ಕೈ ಬೀಸ್ತಿದ್ದೆ, ಆಮೇಲಾಮೇಲೆ ಕಾಣಿಸ್ತಿರಲಿಲ್ಲ. 'ಓದ್ತಿರ್ತಾಳೆ ಬಿಡು' ಅನ್ನೋರು. ರಿಟೈರಾಗೋ ದಿನಾನೂ ಕೂಗ್ಸಿದ್ರು."

ನಿನ್ನ ಜಾಗದಲ್ಲಿ ಕೂತು ಮೊಣಕೈ ಊರಿದೆ. ಶೆಡ್ಡಿನೊಳಗೆ ಬಿಸಿಲು ಬೀಳುವುದಿಲ್ಲ. ಎಂಜಿನ್ನಿನ ಒಲೆ ಆರಿ ಮೂವತ್ತು ವರ್ಷವಾಗಿದೆ. ಆದರೂ ಆ ಕಬ್ಬಿಣ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೈ ತೆಗೆದ ಹಾಗೆ.

ಅಪ್ಪಾ, ನಾನು ಓದುತ್ತಿರಲಿಲ್ಲ. ಗೆಳತಿಯರು 'ಮಸಿ ಮುಖದವನ ಮಗಳು' ಎಂದು ನಕ್ಕ ದಿನದಿಂದ, ಮೂರನೆಯ ಕೂಗು ಮುಗಿಯುವವರೆಗೂ ಪರದೆಯ ಹಿಂದೆ ನಿಂತಿರುತ್ತಿದ್ದೆ.